ದೋಷ ಒಂದೆಡೆ, ದೂರು ಇನ್ನೊಂದೆಡೆ: ಫೋರ್ಟ್ರಾನ್‌ ಪ್ರೋಗ್ರಾಂಗಳು ಕಡತ ಓದುವ ಬಗೆ

ಫೋರ್ಟ್ರಾನ್‌ನಲ್ಲಿ ಬರೆದ ಪ್ರೋಗ್ರಾಂ ದತ್ತಾಂಶ ಓದುತ್ತಿರುವಾಗ 'ಎಂಡ್ ಆಫ್ ಫೈಲ್' ಎಂದು ನಿಂತುಬಿಟ್ಟರೆ ಸಂಶೋಧಕರು ಮೊದಲು ತೆರೆದು ನೋಡುವುದು ಕಡತದ ಕೊನೆಯ ಸಾಲುಗಳನ್ನು. ಎಷ್ಟೋ ಸಲ ಅಲ್ಲಿ ಏನೂ ಕೆಟ್ಟಿರುವುದಿಲ್ಲ. ಸಂದೇಶ ಸುಳ್ಳು ಹೇಳಿಲ್ಲ. ಓದು ಎಲ್ಲಿ ನಿಂತಿತೆಂಬುದನ್ನು ಅದು ಸರಿಯಾಗಿಯೇ ತಿಳಿಸಿದೆ. ಕಡತ ಎಲ್ಲಿ ಕೆಟ್ಟಿದೆ ಎಂಬುದು ಮಾತ್ರ ಅದಕ್ಕೆ ಗೊತ್ತಿಲ್ಲ.

ಫೋರ್ಟ್ರಾನ್ 77 ಮಾನಕದಲ್ಲಿ ಸೇರಿದ, ವಿನ್ಯಾಸ ಸೂಚಿಸದೆ ನಕ್ಷತ್ರ ಚಿಹ್ನೆಯಿಂದ ಓದಿಸುವ ಕ್ರಮ ಇದರ ಮೂಲದಲ್ಲಿದೆ. ಮೂರು ಬೆಲೆ ಕೇಳಿದಾಗ ಸಾಲಿನಲ್ಲಿ ಎರಡೇ ಇದ್ದರೆ ಈ ಓದು ತಕರಾರು ಎತ್ತುವುದಿಲ್ಲ. ಮುಂದಿನ ಸಾಲಿಗೆ ಹೋಗಿ ಮೂರನೆಯದನ್ನು ಎತ್ತಿಕೊಂಡು, ಆ ಸಾಲಿನಲ್ಲಿ ಉಳಿದುದನ್ನು ಬಿಟ್ಟುಬಿಡುತ್ತದೆ. ಕೇಂದ್ರದ ಕ್ರಮಸಂಖ್ಯೆ, ಉಷ್ಣತೆ, ಮಳೆ ಎಂಬ ಮೂರು ಅಂಕಣಗಳ ಕಡತವೊಂದನ್ನು ಊಹಿಸೋಣ. ಎರಡನೆಯ ಸಾಲಿನಲ್ಲಿ ಮಳೆಯ ಅಂಕಿ ಬಿಟ್ಟುಹೋಗಿ '2 31.5' ಎಂದಷ್ಟೇ ಇದೆ. ಮೂರನೆಯದು '3 29.0 12.4'. ಓದು ಮುಗಿದಾಗ ಎರಡನೆಯ ಕೇಂದ್ರದಲ್ಲಿ 3.0 ಮಿಲಿಮೀಟರ್ ಮಳೆ ದಾಖಲಾಗಿರುತ್ತದೆ! ಪಕ್ಕದ ಕೇಂದ್ರದ ಕ್ರಮಸಂಖ್ಯೆಯೇ ಮಳೆಯಾಗಿದೆ, ಆ ಕೇಂದ್ರವೇ ಲೆಕ್ಕದಿಂದ ಕಾಣೆಯಾಗಿದೆ. 1,000 ಸಾಲುಗಳಿವೆಯೆಂದು ನಂಬಿದ ಪ್ರೋಗ್ರಾಂ ತನ್ನ 1,000ನೆಯ ಓದಿನಲ್ಲಿ ಎಡವುತ್ತದೆ. ಆಗ ಜಿಫೋರ್ಟ್ರಾನ್ ಕಂಪೈಲರ್‌ನ ಸಂದೇಶ ಮುದ್ರಿಸುವ ಸಾಲಿನ ಸಂಖ್ಯೆ ಕೂಡ ಪ್ರೋಗ್ರಾಂನದು, ದತ್ತಾಂಶದ್ದಲ್ಲ.

ಎಡವಿದರೆ ಪುಣ್ಯ. ಕಡತ ಮುಗಿಯುವವರೆಗೂ ಓದಿ, ಓದಿನ ಸ್ಥಿತಿ ತಿಳಿಸುವ 'ಐಒಸ್ಟ್ಯಾಟ್' ಋಣ ಸಂಖ್ಯೆಯಾದೊಡನೆ ಕುಣಿಕೆಯಿಂದ ಹೊರಬರುವ ರೂಢಿಯ ಪ್ರೋಗ್ರಾಂಗಳಲ್ಲಿ ಯಾವ ಸಂದೇಶವೂ ಬರುವುದಿಲ್ಲ. 999 ದಾಖಲೆಗಳು ಸಿಗುತ್ತವೆ, ಅವುಗಳಲ್ಲೊಂದು ಕೆಟ್ಟದ್ದು, ಸರಾಸರಿ ಮಾತ್ರ ನಂಬುವಂತೆಯೇ ಇರುತ್ತದೆ. ದಾರಿ ತಪ್ಪಿಸುವ ಸಂದೇಶಕ್ಕಿಂತ ಈ ಮೌನವೇ ಹೆಚ್ಚು ಅಪಾಯಕಾರಿ ಎಂಬುದು ನನ್ನ ಖಚಿತ ಅಭಿಪ್ರಾಯ. ದಿನ, ತಿಂಗಳು, ವರ್ಷಗಳನ್ನು ಮೂರು ಪೂರ್ಣಾಂಕಗಳಾಗಿ ಓದುವಾಗ '01/06/2015' ಎಂದಿದ್ದರೂ ಹೀಗೆಯೇ: ಓರೆಗೆರೆ ಕಂಡಲ್ಲಿಗೆ ಓದು ಮುಗಿಯುತ್ತದೆ, ತಿಂಗಳು ಮತ್ತು ವರ್ಷದಲ್ಲಿ ಹಿಂದಿನ ಬೆಲೆಗಳೇ ಉಳಿಯುತ್ತವೆ. ಒಂದರ ಬೆನ್ನಿಗೊಂದು ಅಲ್ಪವಿರಾಮ ಬಂದರೂ ಅಷ್ಟೇ.

ಹಾಗಾಗಿ ಸಂದೇಶದ ಪದಗಳನ್ನು ತಿದ್ದಿದರೆ ಸಾಲದು, ಓದುವ ಕ್ರಮವೇ ಬದಲಾಗಬೇಕು. ಪ್ರತಿ ಸಾಲನ್ನೂ ಮೊದಲು ಅಕ್ಷರಮಾಲೆಯಾಗಿ ಇಡಿಯಾಗಿ ಓದಿ, ಸಾಲಿನ ಎಣಿಕೆ ಇಟ್ಟುಕೊಂಡು, ಬೆಲೆಗಳನ್ನು ಆ ಅಕ್ಷರಮಾಲೆಯಿಂದ ಓದಬೇಕು. ಆಗ ಓದಿಗೆ ಮುಂದಿನ ಸಾಲು ಸಿಗುವುದೇ ಇಲ್ಲ; ಅದೇ 'ಎಂಡ್ ಆಫ್ ಫೈಲ್' ಎರಡನೆಯ ಸಾಲಿನಲ್ಲಿಯೇ ಹುಟ್ಟುತ್ತದೆ, ಪಕ್ಕದಲ್ಲಿ ಸಾಲಿನ ಸಂಖ್ಯೆಯನ್ನೂ ಮುದ್ರಿಸಬಹುದು. ಫೋರ್ಟ್ರಾನ್ 2003ರಲ್ಲಿ ಬಂದ 'ಐಒಎಂಎಸ್‌ಜಿ' ಸೌಲಭ್ಯದಿಂದ ಮೂಲ ಸಂದೇಶವನ್ನು ಹಿಡಿದು ಇದರೊಂದಿಗೆ ಜೋಡಿಸಬಹುದು. ಓರೆಗೆರೆ, ಅಲ್ಪವಿರಾಮಗಳ ತೊಂದರೆಗೆ ಪ್ರತಿ ಓದಿನ ಮೊದಲು ಚರಾಂಶಗಳಲ್ಲಿ -999ರಂಥ ಅಸಂಭವ ಬೆಲೆ ತುಂಬಿ, ಓದಿದ ಮೇಲೆ ಪರಿಶೀಲಿಸಬೇಕು. ಸಾಲಿನಲ್ಲಿ ಬೆಲೆಗಳು ಹೆಚ್ಚಾಗಿದ್ದರೆ ಮಾತ್ರ ಈ ಕ್ರಮವೂ ಸುಮ್ಮನಿರುತ್ತದೆ. ಅದಕ್ಕೆ ಅಂಕಣಗಳನ್ನು ಪ್ರತ್ಯೇಕವಾಗಿ ಎಣಿಸಲೇಬೇಕು.