ಬೀಜದೊಳಗಿನ ಕಾವಲು: ಎಳ್ಳು, ಹುರುಳಿ, ಅಡಿಕೆ



ಮನೆಯಲ್ಲಿ ಕಡಲೆಕಾಯಿ ಎಣ್ಣೆಯೂ ಎಳ್ಳೆಣ್ಣೆಯೂ ಇದ್ದರೆ ಯಾವುದು ಮೊದಲು ಕಮಟು ಹಿಡಿಯುತ್ತದೆ? ಕಡಲೆಕಾಯಿಯದೇ ಅಲ್ಲವೆ? ಗಾಳಿ ತಾಗಿದ ಎಣ್ಣೆ ಮೆಲ್ಲನೆ ಕೆಡುತ್ತದೆ. ಬೀಜದೊಳಗಿನ ಎಣ್ಣೆಗೂ ಇದೇ ಅಪಾಯ. ಮೊಳಕೆಯೊಡೆಯುವ ತನಕ ಕೆಡಬಾರದೆಂದು ಬೀಜವು ಒಳಗೆ ಕಾವಲು ಇಟ್ಟುಕೊಂಡಿರುತ್ತದೆ. ಇದಕ್ಕೆ ಉತ್ಕರ್ಷಣ ನಿರೋಧಕವೆಂದು ಹೆಸರು.

ಈ ಕಾವಲುಗಾರರಲ್ಲಿ ಪ್ರಸಿದ್ಧವಾದದ್ದು 'ಇ' ಜೀವಸತ್ವ. 1922ರಲ್ಲಿ ಅಮೆರಿಕದ ಈವಾನ್ಸ್ ಮತ್ತು ಬಿಷಪ್ ಇದರ ಸುಳಿವು ಹಿಡಿದರು. 1936ರಲ್ಲಿ ಗೋಧಿ ಮೊಳಕೆಯ ಎಣ್ಣೆಯಿಂದ ಅದನ್ನು ಬೇರ್ಪಡಿಸಲಾಯಿತು. ಆದರೆ ಎಳ್ಳಿನ ಬಳಕೆ ಅದಕ್ಕಿಂತ ಎಷ್ಟೋ ಹಳೆಯದು. ಹರಪ್ಪದ ಅಗೆತದಲ್ಲಿ 4,000 ವರ್ಷಕ್ಕೂ ಹಿಂದಿನ ಸುಟ್ಟ ಎಳ್ಳು ಸಿಕ್ಕಿದೆ. ಎಳ್ಳಿನಲ್ಲಿ ಸೆಸಮೋಲಿನ್ ಎಂಬ ಸತ್ತ್ವ ಉಂಟು. ಹುರಿದಾಗ ಅದರಿಂದ ಸೆಸಮಾಲ್ ಹುಟ್ಟಿ ಎಣ್ಣೆಯನ್ನು ಕಾಯುತ್ತದೆ. ಹುರಿದ ಎಳ್ಳಿನ ಎಣ್ಣೆ ಬಹುಕಾಲ ನಿಲ್ಲುವ ಗುಟ್ಟು ಇದೇ.

ಹುರುಳಿಯ, ಅಂದರೆ ನಮ್ಮ ತುಳುವಿನ ಕುಡುವಿನ, ಕಾವಲು ಬಹುಪಾಲು ಸಿಪ್ಪೆಯಲ್ಲಿದೆ. ಆದ್ದರಿಂದ ಸಿಪ್ಪೆ ತೆಗೆಯದೆ ಬೇಯಿಸುವ ನಮ್ಮ ಅಜ್ಜಿಯರ ಕ್ರಮವೇ ಸರಿ.

ಇನ್ನು ಅಡಿಕೆ. ಅದರ ಒಗರಿಗೆ ಟ್ಯಾನಿನ್ ಕಾರಣ. ಅದೂ ಉತ್ಕರ್ಷಣ ನಿರೋಧಕವೇ. ಎಳೆಯದರಲ್ಲಿ ಅದು ಹೆಚ್ಚು, ಹಣ್ಣಾದಂತೆ ಕಡಿಮೆ. ನಾವು ಹಣ್ಣಡಿಕೆ ಒಣಗಿಸಿ ಚಾಲಿ ಮಾಡುವವರು. ಘಟ್ಟದ ಮೇಲಿನವರು ಎಳೆ ಅಡಿಕೆ ಸುಲಿದು ಬೇಯಿಸುತ್ತಾರೆ; ಆ ನೀರು ಬತ್ತಿದರೆ ಚೊಗರು. ಅದು ಅಡಿಕೆಗೂ ಬಟ್ಟೆಗೂ ಬಣ್ಣ ಕೊಡುತ್ತದೆ.

"ಹಾಗಾದರೆ ಅಡಿಕೆ ತಿಂದರೆ ಒಳ್ಳೆಯದೇ ಅಲ್ಲವೋ ಮಾರಾಯ್ರೆ?" ಎಂದು ಕೇಳುವವರಿದ್ದಾರೆ. ಇಲ್ಲಿ ಒಂದು ಮಾತು ಬಿಚ್ಚಿ ಹೇಳಬೇಕು. ಅದೇ ಅಡಿಕೆಯಲ್ಲಿ ಅರೆಕೋಲಿನ್ ಎಂಬ ವಸ್ತುವೂ ಇದೆ. ಹೊಗೆಸೊಪ್ಪು ಸೇರಿಸದಿದ್ದರೂ ಅಡಿಕೆ ಜಗಿದರೆ ಕ್ಯಾನ್ಸರ್ ಬರುವುದುಂಟೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಸಾರಿತು. ಒಂದು ಒಳ್ಳೆಯ ಸತ್ತ್ವ ಇದ್ದ ಮಾತ್ರಕ್ಕೆ ಇಡೀ ಬೀಜ ಒಳ್ಳೆಯದಾಗದು.

ಇದು ತೋಟ ಕಡಿಯಿರಿ ಎಂಬ ಮಾತಲ್ಲ. 1956ರಲ್ಲಿ ವಿಟ್ಲದಲ್ಲಿ ಸಂಶೋಧನಾ ಕೇಂದ್ರವೇ ಆರಂಭವಾದ ಬೆಳೆ ಇದು, ನಮ್ಮೆಲ್ಲರ ಅನ್ನ. ಆದರೆ ಬೆಳೆದವನೇ ಬಾಯಿ ಕೆಡಿಸಿಕೊಳ್ಳಬಾರದು. ಮಕ್ಕಳ ಕೈಗಂತೂ ಅಡಿಕೆ ಹೋಳು ಕೊಡಬೇಡಿ. ಬಟ್ಟಲಿಗೆ ಎಳ್ಳಿನ ಚಟ್ನಿ, ಹುರುಳಿ ಸಾರು ಬಡಿಸಿ. ಸುಗ್ಗಿ ಗದ್ದೆ ಖಾಲಿ ಬಿದ್ದಿದ್ದರೆ ಒಂದು ಹಿಡಿ ಹುರುಳಿ ಚೆಲ್ಲಿ ನೋಡಿ.