ಒಂದೇ ಮನೆ, ಎರಡು ಕಿಟಕಿ: ಕ್ಯಾಡ್‌ನಲ್ಲಿ ವ್ಯೂಪೋರ್ಟ್ ಬಳಸುವ ಬಗೆ

ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಕಡೆಯ ಗಡಿ ಊರುಗಳಲ್ಲಿ ಮನೆಯ ಯಜಮಾನರು ಕನ್ನಡ ಓದಿದವರು, ಮೇಸ್ತ್ರಿ ತೆಲುಗು ಓದಿದವರು ಆಗಿರುವುದುಂಟು. ಇಬ್ಬರಿಗೂ ನಕ್ಷೆ ಬೇಕು. ಹಾಗೆಂದು ನಕ್ಷೆಯನ್ನೇ ಕಾಪಿ ಮಾಡಿ ಎರಡು ಫೈಲ್ ಇಟ್ಟರೆ ಅಪಾಯ. ಅಡುಗೆಮನೆ ಗೋಡೆಯನ್ನು ಒಂದರಲ್ಲಿ ಒಂದು ಅಡಿ ಸರಿಸಿ, ಇನ್ನೊಂದರಲ್ಲಿ ಮರೆತರೆ ಗೋಡೆ ಏಳುವುದು ಮೇಸ್ತ್ರಿ ಕೈಯಲ್ಲಿರುವ ಹಳೇ ಕಾಗದದ ಪ್ರಕಾರ! ಇದಕ್ಕೆ ಪರಿಹಾರವೇ ವ್ಯೂಪೋರ್ಟ್.

ವ್ಯೂಪೋರ್ಟ್ ಎಂದರೇನು?
ಆಟೋಕ್ಯಾಡ್ ಬಂದದ್ದು 1982ರಲ್ಲಿ. 1990ರ 11ನೇ ಆವೃತ್ತಿಯಲ್ಲಿ ಪೇಪರ್ ಸ್ಪೇಸ್ ಸೇರಿತು. ಮಾಡೆಲ್‌ನಲ್ಲಿ ಮನೆಯನ್ನು ನಿಜವಾದ ಅಳತೆಯಲ್ಲೇ ಬರೆಯುತ್ತೇವೆ. ಲೇಔಟ್ ಎಂಬುದು ಕಾಗದ. ಆ ಕಾಗದದಲ್ಲಿ ಕೊರೆದ ಕಿಟಕಿಯೇ ವ್ಯೂಪೋರ್ಟ್. ಕಿಟಕಿ ಎಷ್ಟಿದ್ದರೂ ಕಾಣುವ ಮನೆ ಒಂದೇ. ಮಾಡೆಲ್‌ನಲ್ಲಿ ಒಮ್ಮೆ ಗೋಡೆ ಸರಿಸಿದರೆ ಎಲ್ಲ ಕಿಟಕಿಗಳಲ್ಲೂ ಸರಿಯುತ್ತದೆ.

ಎರಡು ಭಾಷೆಗೆ ಹೀಗೆ ಮಾಡಿ
ಕೋಣೆಗಳ ಕನ್ನಡ ಹೆಸರುಗಳನ್ನು ಒಂದು ಲೇಯರ್‌ನಲ್ಲಿ, ತೆಲುಗು ಹೆಸರುಗಳನ್ನು ಇನ್ನೊಂದರಲ್ಲಿ ಬರೆಯಿರಿ. ಎರಡು ಲೇಔಟ್ ತೆರೆದು, ಪ್ರತಿಯೊಂದರಲ್ಲೂ ಎಂವ್ಯೂ ಆಜ್ಞೆಯಿಂದ ಒಂದು ಕಿಟಕಿ ಹಾಕಿ. ಕನ್ನಡ ಪ್ರತಿಯ ಕಿಟಕಿಯೊಳಗೆ ಡಬಲ್ ಕ್ಲಿಕ್ ಮಾಡಿ, ತೆಲುಗು ಲೇಯರನ್ನು 'ವಿಪಿ ಫ್ರೀಜ್' ಮಾಡಿ. ಇನ್ನೊಂದರಲ್ಲಿ ಕನ್ನಡದ್ದನ್ನು ಮಾಡಿ. ಬರೀ 'ಫ್ರೀಜ್' ಒತ್ತಿದರೆ ಎಲ್ಲ ಕಡೆಯೂ ಮಾಯವಾಗುತ್ತದೆ, ಎಚ್ಚರ. ಅಕ್ಷರಕ್ಕೆ ಯೂನಿಕೋಡ್ ಫಾಂಟ್ ಬೇಕು: ಕನ್ನಡಕ್ಕೆ ತುಂಗಾ, ತೆಲುಗಿಗೆ ಗೌತಮಿ ಆಗುತ್ತದೆ. ಒತ್ತಕ್ಷರ ಸರಿಯಾಗಿ ಮೂಡಿದೆಯೇ ಎಂದು ಮುದ್ರಿಸಿ ನೋಡಿ.

ಸ್ಕೇಲ್ ಮತ್ತು ಬೀಗ
ನಕ್ಷೆಯೂ ಕಾಗದವೂ ಮಿಲಿಮೀಟರ್‌ನಲ್ಲಿದ್ದರೆ, ಕಿಟಕಿಯೊಳಗಿದ್ದು ಜೂಮ್ ಆಜ್ಞೆಗೆ 1/100ಎಕ್ಸ್‌ಪಿ ಎಂದು ಕೊಟ್ಟರೆ 1:100 ಸ್ಕೇಲ್ ಸಿಗುತ್ತದೆ. ನಕ್ಷೆ ಮೀಟರ್‌ನಲ್ಲಿದ್ದರೆ 10ಎಕ್ಸ್‌ಪಿ ಕೊಡಿ. ಆಗ 30x40 ಅಡಿ ನಿವೇಶನ ಕಾಗದದಲ್ಲಿ ಸುಮಾರು 9.1x12.2 ಸೆಂಟಿಮೀಟರ್ ಬರುತ್ತದೆ. ಎ4 ಹಾಳೆ ಸಾಕು.

ಸ್ಕೇಲ್ ಕೂತ ಕೂಡಲೇ ಕಿಟಕಿಯ ಅಂಚು ಆರಿಸಿ, ಪ್ರಾಪರ್ಟೀಸ್‌ನಲ್ಲಿ 'ಡಿಸ್‌ಪ್ಲೇ ಲಾಕ್ಡ್' ಎಂಬುದಕ್ಕೆ 'ಯೆಸ್' ಕೊಡಿ. ಬೀಗ ಹಾಕದಿದ್ದರೆ ಮೌಸ್‌ನ ಚಕ್ರ ತುಸು ತಿರುಗಿದರೂ ಸ್ಕೇಲ್ ಕೆಟ್ಟೀತು. ಅಂಚಿನ ಗೆರೆ ಅಚ್ಚಾಗಬಾರದೆಂದರೆ ಅದನ್ನು ಪ್ಲಾಟ್ ಆಗದ ಲೇಯರ್‌ನಲ್ಲಿಡಿ.

ಪ್ಲಾಟ್ ಮಾಡುವಾಗ 'ಫಿಟ್ ಟು ಪೇಪರ್' ತೆಗೆದು 1:1 ಇಡಿ. ಮುದ್ರಣವಾದ ಮೇಲೆ ಒಂದು ಗೋಡೆಯನ್ನು ಸ್ಕೇಲ್ ಪಟ್ಟಿಯಿಂದ ಅಳೆದು ನೋಡಿ. ಸರಿ ಬಂದರೆ ಮಾತ್ರ ಎರಡೂ ಪ್ರತಿಗಳ ಮೇಲೆ ಒಂದೇ ದಿನಾಂಕ ಬರೆದು ಕೊಡಿ. ಹಳೇ ಪ್ರತಿಗಳನ್ನು ವಾಪಸ್ ಪಡೆಯುವುದನ್ನು ಮರೆಯಬೇಡಿ.