ಕಲ್ಲಿನ ನಗರದ ನೂಲಿನ ಚರಿತ್ರೆ

ವಿಜಯಪುರದ ಜಾಮಿ ಮಸೀದಿಯ ವಿಶಾಲವಾದ ಪ್ರಾರ್ಥನಾಮಂದಿರವನ್ನು ಹೊಕ್ಕವರು, ಎದುರುಗೋಡೆಯ ಸ್ವರ್ಣಲೇಪಿತ ಮಿಹ್ರಾಬಿನ ಕಡೆಗೆ ದೃಷ್ಟಿಯನ್ನು ಹರಿಸುವ ಮುನ್ನ ಕಾಲಡಿಯ ನೆಲವನ್ನು ಒಮ್ಮೆ ನಿಟ್ಟಿಸಿದರೆ, ಗಚ್ಚಿನ ಮೇಲೆ ಕಪ್ಪು ಗೆರೆಗಳಿಂದ ಬರೆದ, ಒಬ್ಬೊಬ್ಬ ಭಕ್ತನು ನಿಂತು ಬಾಗಿ ನಮಾಜು ಮಾಡುವುದಕ್ಕೆ ತಕ್ಕಷ್ಟು ಅಳತೆಯುಳ್ಳ ಮನೆಗಳು ಸಾಲುಸಾಲಾಗಿ ಹಬ್ಬಿರುವುದನ್ನು ಕಾಣುವರು. ಅವುಗಳ ಸಂಖ್ಯೆ 2,250 ಎಂದು ಲೆಕ್ಕ. ಒಂದನೆಯ ಅಲಿ ಆದಿಲಶಹನ ಕಾಲದಲ್ಲಿ ಆರಂಭವಾದ ಈ ಮಸೀದಿಯ ನೆಲಕ್ಕೆ ಮೊದಲು ಮಖಮಲ್ಲಿನ ಹಾಸುಗಳಿದ್ದುವೆಂದೂ, 1686ರಲ್ಲಿ ನಗರವನ್ನು ಗೆದ್ದ ಔರಂಗಜೇಬನು ಅವುಗಳನ್ನೂ ಇತರ ಅನರ್ಘ್ಯ ವಸ್ತುಗಳನ್ನೂ ಸಾಗಿಸಿಕೊಂಡು ಹೋಗಿ, ಹಾಸುಗಳ ಸ್ಥಾನದಲ್ಲಿ ಈ ಗೆರೆಗಳನ್ನು ಬರೆಯಿಸಿದನೆಂದೂ ಪರಂಪರೆಯಿಂದ ಹೇಳಿಕೊಂಡು ಬಂದಿದ್ದಾರೆ. ಆದಿಲಶಾಹಿಯ ವಸ್ತ್ರವೈಭವವನ್ನು ಅರಸಿ ಹೊರಟವನಿಗೆ ಮೊದಲು ದೊರೆಯುವುದು ಹೀಗೆ ವಸ್ತ್ರವಿಲ್ಲದ ಅದರ ಅಳತೆ ಮಾತ್ರ.

ವಿಜಯಪುರವೆಂದೊಡನೆ ನಮ್ಮ ಮನಸ್ಸು ಗೋಳಗುಮ್ಮಟದ ಕಡೆಗೆ, ಇಬ್ರಾಹೀಮ ರೋಜಾದ ಕಲ್ಲಿನ ಜಾಲಂದ್ರಗಳ ಕಡೆಗೆ ಓಡುವುದು ಸಹಜವೇ ಆಗಿದೆ. ಕಲ್ಲು ನಿಂತಲ್ಲೇ ನಿಲ್ಲುತ್ತದೆ, 1904ರ ಪ್ರಾಚೀನ ಸ್ಮಾರಕಗಳ ಕಾಯದೆಯಿಂದ ಮೊದಲ್ಗೊಂಡು ಅದಕ್ಕೆ ಶಾಸನದ ರಕ್ಷಣೆಯೂ ಒದಗಿದೆ. ನೂಲಿಗೆ ಅಂತಹ ಆಸರೆ ಎಂದೂ ಇರಲಿಲ್ಲ. ಅರಮನೆಯಲ್ಲಿದ್ದ ವಸ್ತ್ರವು ಅರಮನೆಯೊಡನೆ ಹೋಯಿತು. ಪೇಟೆಯಲ್ಲಿದ್ದುದು ಉಟ್ಟು ಹರಿದುಹೋಯಿತು. ಉಳಿದುಬಂದದ್ದು ಎರಡೇ ಎಡೆಗಳಲ್ಲಿ: ಜನರ ಭಕ್ತಿಯು ಕಾವಲು ನಿಂತ ಒಂದು ಮಹಲಿನಲ್ಲಿ, ಮತ್ತು ಹೆಂಗಸರ ಕೈಯಲ್ಲಿ.

ಹೋದದ್ದರ ಪ್ರಮಾಣವನ್ನು ಊಹಿಸುವುದಕ್ಕೆ ಸಾಕ್ಷ್ಯಗಳು ಇಲ್ಲದಿಲ್ಲ. ಎರಡನೆಯ ಇಬ್ರಾಹೀಮ ಆದಿಲಶಹನ ಮಗಳನ್ನು ರಾಜಕುಮಾರ ದಾನಿಯಾಲನಿಗಾಗಿ ಕರೆತರಲು 1604ರ ಸುಮಾರಿಗೆ ಇಲ್ಲಿಗೆ ಬಂದ ಅಕ್ಬರನ ರಾಯಭಾರಿ ಅಸದ್ ಬೇಗನು, ಈ ನಗರದ ಪೇಟೆಯು ಎರಡು ಕೋಸು ಉದ್ದವಿದ್ದಿತೆಂದೂ, ಅಂಗಡಿ ಅಂಗಡಿಯ ಮುಂದೆ ಹಸಿರು ಮರವಿದ್ದು, ಜವಳಿಯ, ರತ್ನದ, ಆಯುಧದ ಮಳಿಗೆಗಳು ತುಂಬಿ ತುಳುಕುತ್ತಿದ್ದುವೆಂದೂ ಬರೆದಿಟ್ಟನು. ಆ ಸುಲ್ತಾನನ ಚಿತ್ರಪಟಗಳು ಈಗ ಲಂಡನ್ನು, ಪ್ರಾಗ್, ಸೇಂಟ್ ಪೀಟರ್ಸ್‌ಬರ್ಗ್ ನಗರಗಳ ಸಂಗ್ರಹಾಲಯಗಳಲ್ಲಿವೆ. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಪಟದಲ್ಲಿ ಅವನ ಕೈಯಲ್ಲಿ ತಾಳಗಳಿವೆ; ಮೈಮೇಲೆ ಒಳಗಿನದು ತೋರುವಷ್ಟು ತೆಳುವಾದ ಉಡುಪಿದೆ. ಇಂತಹ ಪಟಗಳನ್ನು ನಾವು ಸಾಮಾನ್ಯವಾಗಿ ರಾಜನ ಮುಖವನ್ನು ನೋಡುವುದಕ್ಕಾಗಿ ನೋಡುತ್ತೇವೆ. ನೂಲಿನ ಚರಿತ್ರೆಯನ್ನು ಬರೆಯಹೊರಟವನು ಅದೇ ಪಟದಲ್ಲಿ ಶಲ್ಯದ ಅಂಚನ್ನೂ ನಡುಪಟ್ಟಿಯ ಸೆರಗನ್ನೂ ನೋಡಬೇಕು. ಏಕೆಂದರೆ ಇಲ್ಲಿಯ ದರಬಾರಿನ ಉಡುಗೆಗಳಿಗೆ ಇಂದು ಆ ಚಿತ್ರಕಾರರ ಕುಂಚಕ್ಕಿಂತ ಹೆಚ್ಚಿನ ಸಾಕ್ಷಿಯಿಲ್ಲ.

ಭಕ್ತಿಯು ಕಾವಲು ನಿಂತ ಮಹಲೆಂದೆನಷ್ಟೆ. ಅದು ಕೋಟೆಯ ಪೂರ್ವಕ್ಕಿರುವ ಆಸಾರ ಮಹಲು. 1646ರ ಸುಮಾರಿಗೆ ಮುಹಮ್ಮದ ಆದಿಲಶಹನು ಇದನ್ನು ನ್ಯಾಯದಾನದ ಸಭೆಗಾಗಿ ಕಟ್ಟಿಸಿದನು. ಮುಂದೆ ಪ್ರವಾದಿಯವರ ಪವಿತ್ರ ಕೇಶವನ್ನು ಇಲ್ಲಿ ತಂದಿರಿಸಿದ್ದರಿಂದ ಅದು ಪುಣ್ಯಸ್ಥಾನವಾಗಿ ಮಾರ್ಪಟ್ಟಿತು. ರಾಜ್ಯ ಅಳಿದ ಮೇಲೆ ಮೊಗಲರು, ಪೇಶ್ವೆಗಳು, 1818ರಿಂದ 1848ರ ವರೆಗೆ ಸಾತಾರೆಯ ಅರಸರು, ತರುವಾಯ ಇಂಗ್ಲಿಷರು, ಹೀಗೆ ಒಡೆಯರು ಬದಲಾಗುತ್ತ ಬಂದಂತೆಲ್ಲ ಕೋಟೆಯೊಳಗಿನ ಅರಮನೆಗಳು ಒಂದೊಂದಾಗಿ ಬರಿದಾದುವು. ಗಗನ ಮಹಲಿನಂತಹ ಭವ್ಯವಾದ ಕಟ್ಟಡದ ಮರದ ತೊಲೆಗಳನ್ನು ಸಹ ಕಿತ್ತೊಯ್ದರು. ಎತ್ತರವಾದ ಮರದ ಕಂಬಗಳ ಆಸಾರ ಮಹಲು ಮಾತ್ರ ಚಾವಣಿಯ ಚಿತ್ರಗಳೊಡನೆ ನಿಂತಿತು. ಅಲ್ಲಿದ್ದ ಗ್ರಂಥಭಂಡಾರವು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಲಂಡನ್ನಿಗೆ ಹೋಯಿತು. ನೆಲಕ್ಕೆ ಹಾಸುತ್ತಿದ್ದ ರತ್ನಗಂಬಳಿಗಳು ಮಾತ್ರ ಈ ಊರಿನಲ್ಲಿಯೇ ಉಳಿದುವು. ಅವುಗಳನ್ನು ಈಗ ಗೋಳಗುಮ್ಮಟದ ಮುಂದಿನ ನಗಾರಖಾನೆಯ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಈ ಸಂಗ್ರಹಾಲಯವು 1892ರಲ್ಲಿ ಜಿಲ್ಲಾ ಸಂಗ್ರಹವಾಗಿ ಆರಂಭವಾಗಿ 1982ರಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ವಶಕ್ಕೆ ಬಂದಿತು.

ಈ ಗಂಬಳಿಗಳು 1657ರಲ್ಲಿ ಕಾಶ್ಮೀರದಿಂದ ಬಂದುವೆಂದು ಹಿಂದಿನವರು ಬರೆದಿದ್ದಾರೆ. ಆ ವರ್ಷವನ್ನು ಚರಿತ್ರೆಯಲ್ಲಿ ಬಲ್ಲವರಿಗೆ ಇದೊಂದು ವಿಸ್ಮಯವಾಗಿಯೇ ತೋರಬೇಕು. ಮುಹಮ್ಮದ ಆದಿಲಶಹನು ಹಿಂದಿನ ವರ್ಷವಷ್ಟೇ ತೀರಿಕೊಂಡು, ಹದಿಹರೆಯದ ಎರಡನೆಯ ಅಲಿ ಆದಿಲಶಹನು ಪಟ್ಟಕ್ಕೆ ಬಂದಿದ್ದನು. ಅದೇ 1657ರಲ್ಲಿ ರಾಜಕುಮಾರ ಔರಂಗಜೇಬನು ದಂಡೆತ್ತಿ ಬಂದು ಬೀದರನ್ನೂ ಕಲ್ಯಾಣವನ್ನೂ ಆದಿಲಶಾಹಿಯಿಂದ ಕಸಿದುಕೊಂಡನು. ಕಾಶ್ಮೀರವೋ 1586ರಿಂದಲೂ ಮೊಗಲರ ಪ್ರಾಂತ. ಒಂದು ದಾರಿಯಲ್ಲಿ ಮೊಗಲರ ತೋಪುಗಳು ದಕ್ಷಿಣಕ್ಕೆ ಇಳಿಯುತ್ತಿರುವಾಗ ಮತ್ತೊಂದು ದಾರಿಯಲ್ಲಿ ಅವರದೇ ಪ್ರಾಂತದ ಗಂಬಳಿಗಳು ಸುರುಳಿ ಸುತ್ತಿಕೊಂಡು ಹಗೆಯ ರಾಜಧಾನಿಯ ಪುಣ್ಯಸ್ಥಾನಕ್ಕೆ ಬರುತ್ತಿದ್ದುವೆಂಬುದು, ವ್ಯಾಪಾರವೂ ಭಕ್ತಿಯೂ ಯುದ್ಧದ ಎಲ್ಲೆಗಳನ್ನು ಎಷ್ಟು ಸುಲಭವಾಗಿ ದಾಟುತ್ತಿದ್ದುವೆಂಬುದಕ್ಕೆ ನಾನು ಕಂಡ ಪ್ರಬಲವಾದ ನಿದರ್ಶನ. ದಖ್ಖನಿನಲ್ಲಿಯೂ ಗಂಬಳಿಯ ನೇಯ್ಗೆಯಿದ್ದಿತು. ಕೋರಮಂಡಲದ ರೇವುಗಳಿಂದ ಡಚ್ಚರ ಹಡಗುಗಳಲ್ಲಿ ಪೂರ್ವಕ್ಕೆ ಸಾಗಿದ ದಖ್ಖನಿ ಹಾಸುಗಳು ಜಪಾನಿನ ಕ್ಯೋಟೊ ನಗರದ ಗಿಯೊನ್ ಉತ್ಸವದ ರಥಗಳಿಗೆ ಅಲಂಕಾರವಾಗಿ ಇಂದಿಗೂ ಉಳಿದಿವೆ. ಅಲ್ಲಿಯೂ ಅವುಗಳನ್ನು ಕಾದದ್ದು ದೇವಕಾರ್ಯವೇ ಎಂಬುದನ್ನು ಗಮನಿಸಬೇಕು.

ಇಂತಹ ಗಂಬಳಿಯ ಮೇಲ್ಮೈಯು ಬಣ್ಣ ಬಳಿದದ್ದಲ್ಲ, ಮೇಲೆ ಕಸೂತಿ ತೆಗೆದದ್ದೂ ಅಲ್ಲ. ನೆಟ್ಟಗೆ ಬಿಗಿದ ಹಾಸುನೂಲಿನ ಎರಡೆರಡು ಎಳೆಗಳಿಗೆ ಉಣ್ಣೆಯ ಎಳೆಯೊಂದನ್ನು ಸುತ್ತಿ ಗಂಟುಹಾಕಿ, ಕೂಡಲೆ ಕತ್ತರಿಸಿ, ಮುಂದಿನ ಗಂಟಿಗೆ ಕೈಹಾಕುವುದು. ಒಂದು ಸಾಲು ತುಂಬಿದ ಮೇಲೆ ಹೊಕ್ಕುನೂಲನ್ನು ಹಾಯಿಸಿ ಹಣಿಗೆಯಿಂದ ಬಡಿದು ಕೂರಿಸುವುದು. ಮತ್ತೆ ಗಂಟಿನ ಸಾಲು. ಕಾಶ್ಮೀರದ ಪದ್ಧತಿಯಲ್ಲಿ ಯಾವ ಬಣ್ಣದ ಗಂಟು ಎಷ್ಟು ಬೀಳಬೇಕೆಂಬುದನ್ನು ತಾಲೀಮ್ ಎಂಬ ಸಂಕೇತಲಿಪಿಯಲ್ಲಿ ಬರೆದಿಟ್ಟು, ಒಬ್ಬನು ಗಟ್ಟಿಯಾಗಿ ಓದಿ ಹೇಳಿದಂತೆ ಉಳಿದವರು ಗಂಟುಹಾಕುತ್ತಾರೆ. ಹೀಗಾಗಿ ಒಂದು ಎಲೆಯ ತುದಿ ಬಾಗಬೇಕಾದರೆ ಹಲವು ಸಾಲುಗಳ ಲೆಕ್ಕ ತಪ್ಪದಿರಬೇಕು. ನವಿರು ಸವೆದ ಹಳೆಯ ಗಂಬಳಿಯಲ್ಲಿ ಬಣ್ಣದ ಕೆಳಗಿನ ಹಾಸುನೂಲು ಬೆಳ್ಳಗೆ ಹೊರತೋರುವುದನ್ನು ದೋಷವೆಂದು ಎಣಿಸುವವರುಂಟು. ನನ್ನ ಮಟ್ಟಿಗೆ, ಮಾಡಿದ ಕೈಗಳ ಶ್ರಮವು ಕಣ್ಣಿಗೆ ಸ್ಪಷ್ಟವಾಗಿ ಬೀಳುವುದು ಅಲ್ಲಿಯೇ.

ಇಂಗ್ಲಿಷರ ಕಾಲದಲ್ಲಿ ಈ ಗಂಬಳಿಗಳಿಗೆ ಒಂದು ವಿಲಕ್ಷಣವಾದ ಪುನರ್ಜನ್ಮವೂ ಒದಗಿತು. ಪುಣೆಯ ಯರವಡಾ ಸೆರೆಮನೆಯಲ್ಲಿ ಕೈದಿಗಳಿಂದ ಗಂಬಳಿ ನೇಯಿಸುತ್ತಿದ್ದ ಅಧಿಕಾರಿಗಳು ಆಸಾರ ಮಹಲಿನ ನಮೂನೆಗಳನ್ನು ತೆಗೆದುಕೊಂಡು ಹೋಗಿ ಅಲ್ಲಿ ಪ್ರತಿಮಾಡಿಸಿದರು. ಪುಣ್ಯಸ್ಥಾನದ ನೆಲಕ್ಕೆಂದು ಬಂದ ಬಳ್ಳಿ ಹೂಗಳನ್ನು ಶಿಕ್ಷೆಗೊಳಗಾದವರ ಬೆರಳುಗಳು ಗಂಟುಗಂಟಾಗಿ ಕಟ್ಟಿದುವು. ಹಾಗೆ ನೇಯ್ದ ಗಂಬಳಿಗಳು ದೊಡ್ಡ ದೊಡ್ಡ ಬಂಗಲೆಗಳ ನೆಲಕ್ಕೆ ಹೋದುವು.

ಪರದೇಶದ ಗಂಬಳಿಯು ಹೀಗೆ ಸಂಗ್ರಹಾಲಯವನ್ನು ಸೇರಿದರೆ, ಈ ಊರಿನದೇ ಆದ ಜಮಖಾನವು ಊರನ್ನೇ ಬಿಟ್ಟುಹೋಯಿತು. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಜಮಖಾನ ನೇಯುವ ಮುಸಲ್ಮಾನ ಮನೆತನಗಳವರು, ತಮ್ಮ ಹಿರಿಯರು ಆದಿಲಶಾಹಿ ಕಾಲದಲ್ಲಿ ವಿಜಯಪುರದ ಜಮಖಾನ ಗಲ್ಲಿಯಲ್ಲಿದ್ದರೆಂದೂ ಯುದ್ಧದ ಹಾವಳಿಗೆ ಬೇಸತ್ತು ಅಲ್ಲಿಗೆ ವಲಸೆ ಬಂದರೆಂದೂ ಹೇಳುತ್ತಾರೆ. ನವಿರಿಲ್ಲದ ಹತ್ತಿಯ ಹಾಸು ಅದು. ನೆಟ್ಟಗೆ ನಿಂತ ಮಗ್ಗದ ಮುಂದೆ ಕುಳಿತು ಹೆಂಗಸರೇ ನೇಯತಕ್ಕದ್ದು. ಪಗಡೆಯ ಹಾಸಿನ ಮನೆಗಳೂ ನವಿಲುಗಳೂ ಅದರ ಪ್ರಸಿದ್ಧವಾದ ನಮೂನೆಗಳು. ನಮಾಜಿಗೆ ಜಾನಮಾಜೆಂಬ ಬೇರೆಯ ಬಗೆಯೇ ಉಂಟು. ವಿದ್ಯೆಯು ಮನೆತನದ ಹೊರಗೆ ಹೋಗಬಾರದೆಂದು ಹೆಣ್ಣುಮಕ್ಕಳಿಗೆ ಕಲಿಸದೆ ಸೊಸೆಯಂದಿರಿಗೆ ಕಲಿಸುವ ರೂಢಿಯಿದ್ದಿತೆಂದೂ ಹೇಳುವುದುಂಟು. ಅಂತಹ ಬಿಗಿಯಿಂದಲೇ ವಿದ್ಯೆ ಉಳಿಯಿತು, ಅದೇ ಬಿಗಿಯಿಂದ ಬಲ್ಲವರ ಸಂಖ್ಯೆಯೂ ಕುಗ್ಗಿತು ಎಂದು ನಾನು ಭಾವಿಸುತ್ತೇನೆ.

ಈಗ ನಗರವನ್ನು ಬಿಟ್ಟು ಅಥಣಿಯ ದಾರಿಯನ್ನು ಹಿಡಿಯೋಣ. ತೊರವೆ ರಾಮಾಯಣದ ಕವಿ ಕುಮಾರ ವಾಲ್ಮೀಕಿಯ ತೊರವೆ ದಾರಿಯಲ್ಲೇ ಸಿಗುತ್ತದೆ. ಎರಡನೆಯ ಇಬ್ರಾಹೀಮನು 1599ರಲ್ಲಿ ಕಟ್ಟತೊಡಗಿ, 1624ರಲ್ಲಿ ಮಲಿಕ್ ಅಂಬರನು ಹಾಳುಗೆಡವಿದ ನವರಸಪುರದ ಅವಶೇಷಗಳೂ ಅಲ್ಲಿಯೇ. ಮುಂದೆ ಪಶ್ಚಿಮಕ್ಕೆ ತಿಕೋಟಾ, ನೈರುತ್ಯಕ್ಕೆ ತಿರುಗಿದರೆ ಬಬಲೇಶ್ವರ. ದ್ರಾಕ್ಷಿಯಿಂದಲೂ ಜೋಳದಿಂದಲೂ ಹೆಸರಾದ, ಈಚೆಗೆ ತಾಲ್ಲೂಕುಗಳಾದ ಈ ನಾಡಿನ ಊರುಗಳ ಮಗ್ಗುಲಲ್ಲಿ ಲಂಬಾಣಿ ತಾಂಡಾಗಳುಂಟು. ಹಳೆಯ ಅಲಂಕಾರವಸ್ತ್ರಗಳನ್ನು ಸಂಗ್ರಹಿಸುವ ಲೋಕದ ರಸಿಕರು ಇಂದು ಬಹಳ ಆಸ್ಥೆಯಿಂದ ಅರಸುವ ಕಸೂತಿಯು ಈ ಜನರದು.

ಲಂಬಾಣಿಗರು ಎತ್ತಿನ ಹೇರುಗಳ ಮೇಲೆ ಧಾನ್ಯವನ್ನೂ ಉಪ್ಪನ್ನೂ ಸಾಗಿಸುತ್ತಿದ್ದ ಸಂಚಾರಿಗಳು. 1632ರಲ್ಲಿ ಪೀಟರ್ ಮಂಡಿ ಎಂಬ ಇಂಗ್ಲಿಷ್ ಪ್ರವಾಸಿಯು ಉತ್ತರದಲ್ಲಿ 14,000 ಎತ್ತುಗಳ ಒಂದೇ ತಾಂಡಾವನ್ನು ಕಂಡನು. ದಖ್ಖನಿಗೆ ಇಳಿದ ಮೊಗಲ ಸೈನ್ಯಗಳ ಹೊಟ್ಟೆಯನ್ನು ತುಂಬಿದವರೂ ಇವರೇ. ಮಸೀದಿಯ ಹಾಸುಗಳನ್ನು ಹೊತ್ತೊಯ್ದ ದಂಡಿನ ಹಿಂದೆ ಬಂದವರ ವಂಶದವರು ಈ ನಾಡಿಗೆ ತಮ್ಮದೊಂದು ವಸ್ತ್ರಕಲೆಯನ್ನು ತಂದುಕೊಟ್ಟರೆಂಬುದನ್ನು ನೆನೆದರೆ, ಚರಿತ್ರೆಯು ಕಸಿದುಕೊಂಡದ್ದನ್ನು ಬೇರೊಂದು ಕೈಯಿಂದ ಕೊಟ್ಟಿತೆನ್ನಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಸಡಕುಗಳೂ ರೈಲೂ ಬಂದು ಹೇರೆತ್ತಿನ ಕಸುಬು ಮುರಿಯಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯದೆಯು ಇಂತಹ ಸಂಚಾರಿ ಜನರನ್ನು ಅನುಮಾನದ ಕಣ್ಣಿಗೆ ಗುರಿಮಾಡಿತು. ಅಲೆಮಾರಿ ಬದುಕು ಹೋದರೂ ಹೆಂಗಸರ ಫೇಟ್ಯಾ ಎಂಬ ಲಂಗ, ಕಾಂಚಳಿ ಎಂಬ ಕುಪ್ಪಸ, ಛಾಟ್ಯಾ ಎಂಬ ಮೇಲುಹೊದಿಕೆಗಳು ಉಳಿದುವು.

ಹಳೆಯ ಕಾಂಚಳಿಯೊಂದನ್ನು ಕೈಗೆತ್ತಿಕೊಂಡರೆ ಮೊದಲು ತಿಳಿಯುವುದು ಅದರ ತೂಕ. ಎದೆಯ ಭಾಗದಲ್ಲಿ ಅಭ್ರಕದಂತೆ ಹೊಳೆಯುವ ಕನ್ನಡಿಚೂರುಗಳು, ಅಂಚಿಗೆ ಕವಡೆ, ತೋಳಿಗೆ ಉಣ್ಣೆಯ ಗೊಂಡೆ, ಬಿಳಿಯ ಲೋಹದ ಬಿಲ್ಲೆಗಳು. ಇವೆಲ್ಲವನ್ನು ಹೊತ್ತ ಬಟ್ಟೆಯಾದರೋ ಮಂಜಿಷ್ಠೆಯ ಕೆಂಪು ಅಥವಾ ನೀಲಿಯ ಬಣ್ಣದ ದಪ್ಪ ಕೈಮಗ್ಗದ ಹತ್ತಿ. ತಿರುಗಿಸಿ ಒಳಮೈಯನ್ನು ನೋಡಿದರೆ ಎಳೆಗಳು ಎಲ್ಲಿಯೂ ತೊಡಕಾಗದೆ ಓಡಿರುತ್ತವೆ. ಕಿಲನ್, ವೇಲೆ, ಮಾಕಿ ಮೊದಲಾದ ಹದಿನಾಲ್ಕು ಬಗೆಯ ಹೊಲಿಗೆಗಳನ್ನು ಬಲ್ಲವರು ಎಣಿಸುತ್ತಾರೆ. ನೀರು ತರುವಾಗ ತಲೆಯ ಮೇಲಿಡುವ ಸಿಂಬಿಗೂ, ಅದರ ಹಿಂದೆ ಬೆನ್ನಿಗೆ ಇಳಿಬೀಳುವ ಚೌಕಬಟ್ಟೆಗೂ, ಹೇರೆತ್ತಿನ ಹಣೆಗೂ ಅಷ್ಟೇ ಶ್ರದ್ಧೆಯ ಕಸೂತಿ ಸಲ್ಲುತ್ತಿದ್ದಿತು.

ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ, ಒಳಹೊರಗು ಒಂದೇ ಆಗಿ ಕಾಣುವ ಗವಂತಿ, ಮುರಗಿ ಹೊಲಿಗೆಗಳ ಕಸೂತಿ, ಇವೆಲ್ಲ 1997ರ ವರೆಗೆ ಅವಿಭಕ್ತವಾಗಿದ್ದ ಈ ಜಿಲ್ಲೆಯ ಸೊತ್ತೇ ಆದರೂ ಅವುಗಳ ಕೀರ್ತಿಯನ್ನು ಹೇಳುವವರು ಅನೇಕರಿದ್ದಾರೆ. ಕೌದಿಯನ್ನು ಕೊಂಡಾಡುವವರು ಕಡಿಮೆ. ಹರಿದ ಸೀರೆ ಧೋತರಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಹೊಂದಿಸಿ, ಅಂಚಿನಿಂದ ನಡುವಿಗೆ ಸಾಲುಹೊಲಿಗೆ ಹಾಕುತ್ತ ಬರುವ ಈ ಕಲೆಯಲ್ಲಿ ಅಜ್ಜಿಯ ಇಳಕಲ್ ಸೀರೆಯ ಸೆರಗು ಮೊಮ್ಮಗನ ಹೊದಿಕೆಯೊಳಗೆ ಸೇರಿಕೊಂಡಿರುತ್ತದೆ. ಉತ್ತರ ಕನ್ನಡದ ಸಿದ್ದಿಯರು ತಮ್ಮ ಕೌದಿಯ ಕಡೆಯ ತುಂಡನ್ನು ಹೊಲಿಯುವ ಮುನ್ನ ಒಳಗೆ ಕೆಲವು ಅಕ್ಕಿಕಾಳುಗಳನ್ನಿಡುವರು. ಹೊದಿಕೆಯು ಹಸಿದಿರಬಾರದೆಂಬುದು ಅವರ ಭಾವನೆ. ಸಿದ್ದಿಯರಂತೆಯೇ ಆಫ್ರಿಕಾ ಮೂಲದವನಾದ ಇಖ್ಲಾಸ್ ಖಾನನು ಮುಹಮ್ಮದ ಆದಿಲಶಹನಿಗೆ ಮಂತ್ರಿಯಾಗಿದ್ದ ಊರು ಇದು. ಆ ಮೂಲದ ಜನರ ಹೊಲಿಗೆಯನ್ನು ವಿಜಯಪುರದವರು ಪರಕೀಯವೆಂದು ಎಣಿಸಲಾಗದು.

ಈ ವಸ್ತ್ರಗಳಿಗೆ ಇಂದು ಬಂದಿರುವ ಅಪಾಯವು ದಂಡಿನದಲ್ಲ. ಹಳೆಯ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರು ಓಣಿಗೆ ಬಂದಾಗ ಪೆಟ್ಟಿಗೆಯ ಗಂಟು ಒಂದು ಬೋಗುಣಿಗೆ ಹೋಗುತ್ತದೆ. ಜರಿಯ ಸೀರೆಯಾದರೆ ಸುಟ್ಟು ಬೆಳ್ಳಿಯನ್ನು ತೆಗೆಯುತ್ತಾರೆ. ಹಳೆಯ ಕಾಂಚಳಿಯಿಂದ ಕಸೂತಿಯ ಭಾಗವನ್ನು ಮಾತ್ರ ಕತ್ತರಿಸಿ ದಿಂಬಿನ ಚೀಲಕ್ಕೋ ಕೈಚೀಲಕ್ಕೋ ಹೊಲಿದು ದೂರದ ಪೇಟೆಗಳಲ್ಲಿ ಮಾರುತ್ತಾರೆ. ಕೊಂಡವರಿಗೆ ಅದು ಯಾವ ತಾಂಡಾದ ಯಾವ ಹೆಣ್ಣುಮಗಳ ಮದುವೆಯದೆಂಬುದು ತಿಳಿಯುವ ಬಗೆಯೇ ಇಲ್ಲ.

ಆದುದರಿಂದ ನಗರದ, ತಿಕೋಟಾದ, ಬಬಲೇಶ್ವರದ ಓದುಗರಲ್ಲಿ ನನ್ನದೊಂದು ವಿನಂತಿ. ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಹಿರಿಯರ ಸೀರೆ, ಜಮಖಾನ, ಕೌದಿ, ಕಾಂಚಳಿ ಯಾವುದಿದ್ದರೂ, ಅದನ್ನು ಉಟ್ಟವರ ಹೆಸರು, ಹೊಲಿದವರ ಊರು, ತಂದ ಸಂದರ್ಭ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಅದರೊಡನೆ ಇಡಿರಿ. ಒಗೆದ ಬಿಳಿಯ ಹತ್ತಿಬಟ್ಟೆಯಲ್ಲಿ ಸುತ್ತಿ, ಬಿಸಿಲು ಬೀಳದೆಡೆ, ವರ್ಷಕ್ಕೊಮ್ಮೆ ಮಡಿಕೆಯನ್ನು ಬದಲಿಸಿ ಕಾಪಾಡಿರಿ. ಇಟ್ಟುಕೊಳ್ಳಲಾಗದವರಿಂದ ಅವನ್ನು ಪಡೆದು, ಚೀಟಿಸಮೇತ ಜೋಪಾನ ಮಾಡುವ ಒಂದು ವಸ್ತ್ರಶಾಲೆಯನ್ನು ತೊರವೆಯಲ್ಲಿರುವ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವು ಆರಂಭಿಸಲಿ. ನಗರಕ್ಕೂ ತಿಕೋಟಾಕ್ಕೂ ನಡುವೆ ಇರುವ, ಹೆಣ್ಣುಮಕ್ಕಳಿಗಾಗಿಯೇ ನೆಲೆಗೊಂಡ ಆ ವಿದ್ಯಾಸಂಸ್ಥೆಗಿಂತ ಈ ಕೆಲಸಕ್ಕೆ ಯೋಗ್ಯವಾದ ಸ್ಥಳವು ಜಿಲ್ಲೆಯಲ್ಲಿ ಬೇರೆ ಇಲ್ಲ.